ರಸಮಟ್ಟನ ಡೊಂಕು ಗೋಡೆ

ಊರಿನಲ್ಲಿ ಮೇಸ್ತ್ರಿಗಳಿಗೇನೂ ಬರವಿರಲಿಲ್ಲ, ಆದರೆ ರಸಮಟ್ಟ ಒಬ್ಬನೇ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕಟ್ಟಿದ್ದು ಮಟ್ಟಸವಾಗಿದೆಯೇ ಎಂದು ನೋಡಲು ಗಾರೆಯವರು ಇಡುವ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ ಇದೆಯಲ್ಲ, ಅದಕ್ಕೆ ರಸಮಟ್ಟ ಎನ್ನುತ್ತಾರೆ. ಅಂಥದ್ದೇ ಒಂದು ಚಿಕ್ಕದನ್ನು ಅವನು ಪೆನ್ನು ಸಿಕ್ಕಿಸಿಕೊಂಡ ಹಾಗೆ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಯಾರ ಮನೆಯಲ್ಲಾದರೂ ಚಹಾ ಕೊಟ್ಟರೆ ಮೊದಲು ಮೇಜಿನ ಮೇಲೆ ಅದನ್ನಿಟ್ಟು, ಗುಳ್ಳೆ ಯಾವ ಕಡೆ ಓಡಿತೆಂದು ನೋಡಿ, "ಈ ಕಾಲಿನ ಕೆಳಗೆ ಒಂದು ರಟ್ಟು ಇಡಿ" ಎಂದು ಹೇಳಿಯೇ ಲೋಟಕ್ಕೆ ಕೈ ಹಾಕುತ್ತಿದ್ದ. "ಮೊದಲನೇ ಸಲ ನಮ್ಮನೆಗೆ ಬಂದಾಗ ಇವರು ನನ್ನ ಮುಖ ನೋಡ್ಲಿಲ್ಲ, ಬಾಗಿಲ ಚೌಕಟ್ಟು ನೋಡಿದ್ರು" ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವನು ಅದಕ್ಕೆ ನಗುವುದಿಲ್ಲ. ಚೌಕಟ್ಟು ನಿಜವಾಗಿಯೂ ವಾಲಿತ್ತು.

ಇಂಥ ಮನುಷ್ಯ ತನ್ನ ಜೀವನದಲ್ಲಿ ಒಂದೇ ಒಂದು ಡೊಂಕು ಗೋಡೆ ಕಟ್ಟಿದ. ಅದನ್ನು ನೋಡಿದ ದಿನದಿಂದ ನನಗೆ ಅವನ ಉಳಿದ ಗೋಡೆಗಳೆಲ್ಲ ಸಪ್ಪೆ ಎನಿಸಿಬಿಟ್ಟಿವೆ. ಆ ಕಥೆ ಹೇಳಬೇಕಾದರೆ ಅವನ ಅಕ್ಕನಿಂದ ಶುರು ಮಾಡಬೇಕು.

ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವನು ಕೆಲಸ ಕಲಿಯುವಾಗ ಗಾರೆ ಕಲಸಿ, ಬುಟ್ಟಿಯಲ್ಲಿ ಹೊತ್ತು ತಂದು ಕೊಟ್ಟವಳೂ ಅವಳೇ. ನಡುವಯಸ್ಸಿನಲ್ಲಿ ಅವಳ ಕಣ್ಣು ಮಂಜಾಗುತ್ತಾ ಬಂದು, ಯಾವ ಡಾಕ್ಟರ ಕೈಗೂ ಬಗ್ಗದೆ, ಪೂರ್ತಿ ಹೋಯಿತು. ತಮ್ಮನ ಮನೆಯೊಳಗೆ ಅವಳಿಗೆ ತೊಂದರೆ ಇರಲಿಲ್ಲ. "ನೀನು ಸಾರಣೆ ಮಾಡಿದ ಗೋಡೆ ಮೇಲೆ ಕೈ ಎಲ್ಲೂ ಎಡವಲ್ಲ ಕಣೋ. ಬೇರೆಯವರದ್ದು ಮುಟ್ಟಿದ ತಕ್ಷಣ ಗೊತ್ತಾಗುತ್ತೆ" ಎನ್ನುತ್ತಿದ್ದಳು. ಹೊಸ್ತಿಲು ದಾಟಿದರೆ ಮಾತ್ರ ಅವನ ಅಂಗಿಯ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ ಬಟ್ಟೆ ಹಿಂಜಿಹೋಗುತ್ತಿತ್ತು. ಇಡೀ ಸಂಸಾರವನ್ನು ಹೆಗಲ ಮೇಲೆ ಹೊತ್ತವಳು ಅಂಗಿಯ ತುದಿಗೆ ಜೋತುಬಿದ್ದದ್ದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ.

ಆಮೇಲೆ ಯಾರೋ ಪುಣ್ಯಾತ್ಮರು ಅವಳನ್ನು ಅಂಧರ ಸಂಘಕ್ಕೆ ಸೇರಿಸಿದರು. ಸಂಘವಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಅಲ್ಲಿ ಬೆರಳಿನಿಂದ ಓದುವುದನ್ನು ಕಲಿಸುತ್ತಿದ್ದರು, ಕುರ್ಚಿಗಳಿಗೆ ಬೆತ್ತ ಹೆಣೆಯುವುದನ್ನು ಕಲಿಸುತ್ತಿದ್ದರು, ಮುಖ್ಯವಾಗಿ ಒಬ್ಬರೇ ನಡೆಯುವುದನ್ನು ಕಲಿಸುತ್ತಿದ್ದರು. ಅಧ್ಯಕ್ಷರು ಹಿಂದೆ ಬಸ್ ಕಂಡಕ್ಟರಾಗಿದ್ದವರು. ಕಣ್ಣು ಹೋದರೂ ಗಂಟಲು ಹೋಗಿರಲಿಲ್ಲ. ಬಾಗಿಲಲ್ಲಿ ಯಾರಾದರೂ ತಡವರಿಸಿದರೆ, "ಮುಂದೆ ಹೋಗ್ರಿ, ಒಳಗೆ ಜಾಗ ಇದೆ!" ಎಂದು ಕೂಗುತ್ತಿದ್ದರು. ಎಲ್ಲರಿಗೂ ಅವರು ಕಂಡಕ್ಟರಣ್ಣ.

ಆ ಗೋದಾಮಿನ ಉದ್ದಕ್ಕೂ ಒಂದು ಗೋಡೆ. ರಸಮಟ್ಟ ಅದನ್ನು ಮೊದಲ ಸಲ ನೋಡಿದಾಗ ಮುಖ ಸಿಂಡರಿಸಿದ್ದ. "ಇದನ್ನ ಕಟ್ಟಿದವನು ಕುಡಿದು ಕಟ್ಟಿದ್ದಾನೆ, ಸಾರಿಸಿದವನು ಅವನಿಗೆ ಕುಡಿಸಿದವನು" ಎಂದಿದ್ದ. ಆದರೆ ಕಣ್ಣಿಲ್ಲದವರಿಗೆ ಆ ಗೋಡೆಯೇ ದಾರಿ. ಬೀದಿ ಬಾಗಿಲಿನಿಂದ ಅದರ ಮೇಲೆ ಕೈ ಇಟ್ಟು ಹೊರಟರೆ ಮೊದಲು ಒಂದು ಉಬ್ಬು ಸಿಗುತ್ತಿತ್ತು. ಉಬ್ಬು ಬಂತೆಂದರೆ ಅಲ್ಲೇ ಬೆಂಚು, ಸುಸ್ತಾದವರು ಕೂರಬಹುದು. ಉಬ್ಬಿಗೂ ಬೆಂಚಿಗೂ ನಡುವೆ ಯಾರ ಬೆರಳೂ ಸಿಕ್ಕಿಕೊಳ್ಳಬಾರದೆಂದು ಹಿಂದೆ ಯಾವನೋ ಬಡಗಿ ಬೆಂಚಿನ ಬೆನ್ನನ್ನು ಗೋಡೆಯ ಡೊಂಕಿಗೆ ತಕ್ಕಂತೆ ಕೆತ್ತಿ ಕೂರಿಸಿದ್ದ. ಆಮೇಲೆ ತೇಪೆ ಹಾಕಿದ ಒರಟು ಜಾಗ. ಅದರ ಎದುರಿಗೆ ಓದುವ ಕೋಣೆ. ಆಮೇಲೆ ಅಂಗೈಯಗಲದ ತಗ್ಗು; ಅದು ಸಿಕ್ಕಿದರೆ ಕಾಲಡಿಯಲ್ಲಿ ಮೆಟ್ಟಿಲಿದೆ, ಹುಷಾರು. ಕೊನೆಗೆ ಮುರಿದ ಕೊಕ್ಕೆಯ ಮೊಂಡು. ಅಲ್ಲಿ ಬೆತ್ತದ ಕೋಣೆ. ಸಂಘಕ್ಕೆ ಸೇರಿದ ಕೆಲವು ತಿಂಗಳ ಮೇಲೆ ಒಂದು ದಿನ ಅಕ್ಕ ಬಾಗಿಲಲ್ಲಿ ಅವನ ಅಂಗಿ ಬಿಟ್ಟಳು. ಗೋಡೆಗೆ ಕೈ ಇಟ್ಟಳು. ಬೆತ್ತದ ಕೋಣೆಯವರೆಗೂ ಒಬ್ಬಳೇ ಹೋಗಿ, ಅಲ್ಲಿಂದ, "ಏಯ್, ನೀನಿನ್ನು ಕೆಲಸಕ್ಕೆ ಹೋಗು!" ಎಂದು ಕೂಗಿದಳು. ರಸಮಟ್ಟ ಬೀದಿಯಲ್ಲಿ ನಿಂತು ಮಗುವಿನ ಹಾಗೆ ಅತ್ತ. ಅವತ್ತಿನಿಂದ ಆ ಗೋಡೆಯನ್ನು ಅವನು ಬೈಯಲಿಲ್ಲ.

ಗೋದಾಮಿನ ಛಾವಣಿಗೆ ಮಾತ್ರ ಯಾರ ಮೇಲೂ ಕರುಣೆ ಇರಲಿಲ್ಲ. ಮಳೆ ಬಂದರೆ ಓದುವ ಕೋಣೆಯಲ್ಲಿ ಬಕೆಟ್ಟು, ಗಾಳಿ ಬಂದರೆ ತಲೆಯ ಮೇಲೆ ಹೆಂಚು. ಕೊನೆಗೆ ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಬೆತ್ತದ ಕುರ್ಚಿ ಹೆಣೆದು ವರ್ಷಗಟ್ಟಲೆ ಕೂಡಿಸಿದ ಹಣ, ಊರಿನವರು ಕೊಟ್ಟದ್ದು, ಎಲ್ಲ ಸೇರಿಸಿದರೂ ಕಟ್ಟಡಕ್ಕೆ ಅಷ್ಟಕ್ಕಷ್ಟೇ ಆಗುವಷ್ಟಿತ್ತು. ಸಂಘದ ಲೆಕ್ಕ ನೋಡುತ್ತಿದ್ದ ಆಡಿಟರಮ್ಮ ಸಭೆಯಲ್ಲಿ ಬಿಡಿಸಿ ಹೇಳಿದರು: "ನಿಮ್ಮಂಥ ಸೇವಾ ಸಂಸ್ಥೆ ತನ್ನ ಕೆಲಸಕ್ಕೆ ಅಂತ ಹೊಸ ಕಟ್ಟಡ ಕಟ್ಟಿದ್ರೆ, ಕಟ್ಟೋ ಕೆಲಸಕ್ಕೆ ತೆರಿಗೆ ಇಲ್ಲ. ಹಳೇದನ್ನ ರಿಪೇರಿ ಮಾಡಿದ್ರೆ ಪೂರ್ತಿ ತೆರಿಗೆ. ಅದಕ್ಕೇ ಹಳೇ ಕಟ್ಟಡ ಪೂರ್ತಿ ಹೋಗ್ಬೇಕು. ಗೊತ್ತಾಯ್ತಾ?" ಎಲ್ಲರೂ ಗೊತ್ತಾಯಿತೆಂದರು. ಕೋಣೆಗಳೆಲ್ಲ ಇದ್ದ ಜಾಗದಲ್ಲೇ ಇರಬೇಕು, ಹಿಂದೆ ಒಂದು ದೊಡ್ಡ ಹಾಲ್ ಮಾತ್ರ ಹೆಚ್ಚಿಗೆ ಸೇರಬೇಕು ಎಂದು ಕಂಡಕ್ಟರಣ್ಣ ಹೇಳಿದರು. ಕೆಲಸ ರಸಮಟ್ಟನಿಗೆ ಬಂತು.

ಆವತ್ತು ಸಂಜೆ ಅಕ್ಕ ಕೇಳಿದಳು, "ನಮ್ಮ ಗೋಡೆ ಇರುತ್ತೆ ತಾನೆ?"

"ಇರುತ್ತೆ ಅಕ್ಕ. ಅದನ್ನ ಯಾರು ಮುಟ್ತಾರೆ?" ಎಂದ ಅವನು.

ಅವನಿಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ. ಆಶ್ಚರ್ಯವೆಂದರೆ, ಸಂಘದಲ್ಲಿ ಒಬ್ಬರಿಗೂ ಹಳೇ ಕಟ್ಟಡ ಅಂದಾಗ ಆ ಗೋಡೆ ನೆನಪಾಗಿರಲಿಲ್ಲ. ಕಟ್ಟಡವೆಂದರೆ ಅವರ ಪಾಲಿಗೆ ಸೋರುವ ಛಾವಣಿ, ಇಲಿ, ಮುರಿದ ಕಿಟಕಿ. ರಸಮಟ್ಟ ಉಳಿದ ಮೂರು ಕಡೆ ನೆಲಸಮ ಮಾಡಿ, ಆ ಗೋಡೆಗೆ ಆಸರೆ ಕೊಟ್ಟು ನಿಲ್ಲಿಸಿ, ಹೊಸ ಕೋಣೆಗಳ ಅಡಿಪಾಯವನ್ನು ಅದರ ಪಕ್ಕದಲ್ಲೇ ತೋಡತೊಡಗಿದ. ಸದಸ್ಯರು ದಿನಾ ಬಂದು ಗೋಡೆ ಸವರಿ, ಖುಷಿಯಾಗಿ ಹೋಗುತ್ತಿದ್ದರು.

ಆಡಿಟರಮ್ಮ ಒಂದು ಬೆಳಿಗ್ಗೆ ಕೆಲಸ ನೋಡಲು ಬಂದವರು ಚೀಲ ಕೆಳಗಿಟ್ಟುಬಿಟ್ಟರು. "ಮೇಸ್ತ್ರಿಗಳೇ, ಇದೇನಿದು?"

"ಗೋಡೆ ಮೇಡಂ."

"ಅದು ಕಾಣಿಸ್ತಿದೆ. ಇನ್ನೂ ಯಾಕೆ ನಿಂತಿದೆ?"

ಕಂಡಕ್ಟರಣ್ಣ ಮಧ್ಯೆ ಬಾಯಿ ಹಾಕಿದರು. "ಕಟ್ಟಡ ಕೆಡವಿದ್ದೀವಲ್ಲ ಮೇಡಂ. ಇದು ನಮ್ಮ ರಸ್ತೆ. ಮನೆ ಕೆಡವೋರು ರಸ್ತೇನೂ ಕೆಡವ್ತಾರಾ?"

ಆಡಿಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಲ್ಲಗೆ ಹೇಳಿದರು: ಅಡಿಪಾಯ ಉಳಿದರೆ ಪರವಾಗಿಲ್ಲ, ಆದರೆ ನೆಲದ ಮೇಲೆ ಹಳೆಯದೊಂದು ಗೋಡೆ ನಿಂತಿದ್ದರೂ ಇಲಾಖೆಯ ಕಣ್ಣಿಗೆ ಇದು ಹೊಸ ಕಟ್ಟಡವಲ್ಲ, ರಿಪೇರಿ. ಅಧಿಕಾರಿ ಬಂದು ನೋಡಿದ ದಿನ ವಿನಾಯಿತಿ ಹೋಗುತ್ತದೆ. ತೆರಿಗೆ ಕಟ್ಟಿದರೆ ಛಾವಣಿಗೆ ಹಣ ಉಳಿಯುವುದಿಲ್ಲ. "ನೆಲದವರೆಗೂ ಇಳಿಸಿ. ಆಮೇಲೆ ಅದೇ ಜಾಗದಲ್ಲಿ ಅದೇ ಇಟ್ಟಿಗೇಲಿ ಕಟ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಇದ್ದ ಹಾಗೇ ಉಳಿಸಿಕೊಳ್ಳೋ ದಾರಿ ಇದ್ದಿದ್ರೆ ನಾನೇ ಹುಡುಕಿ ಕೊಡ್ತಿದ್ದೆ, ಅಣ್ಣ. ಹುಡುಕಿದ್ದೀನಿ, ಇಲ್ಲ." ಅವರ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು.

ರಸಮಟ್ಟ ಮಧ್ಯಾಹ್ನವೇ ಮನೆಗೆ ಹೋದ. ಅಕ್ಕ ಕಿಟಕಿಯ ಪಕ್ಕ ಕೂತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳ ಬೆರಳು ನಿಂತವು.

"ಕೆಡವು" ಎಂದಳು.

"ನಾನು ನಿನಗೆ ಮಾತು ಕೊಟ್ಟಿದ್ದೆ ಅಕ್ಕ."

"ನನಗೆ ಕೊಟ್ಟಿದ್ದು ತಾನೆ, ವಾಪಸ್ ತಗೋ. ಮಳೆ ಬಂದ್ರೆ ಬರೀ ಗೋಡೆ ಹಿಡ್ಕೊಂಡು ನೆನೀತಾ ನಿಲ್ಲೋಕಾಗುತ್ತಾ?" ಆಮೇಲೆ ಬೇರೆಯೇ ಧ್ವನಿಯಲ್ಲಿ ಹೇಳಿದಳು: "ಆದ್ರೆ ಇದ್ದ ಹಾಗೇ ಕಟ್ಟು. ಚಿಕ್ಕವರು ಹೊಸ ಗೋಡೆ ಹೇಗಿದ್ರೂ ಕಲಿತಾರೆ. ನನ್ನ ಕೈಲಾಗಲ್ಲ. ಅದು ಹೋದ್ರೆ ನಾನು ಮತ್ತೆ ನಿನ್ನ ಅಂಗೀನೇ ಹಿಡ್ಕೋಬೇಕು. ನನಗೆ ಎರಡನೇ ಸಲ ಕಣ್ಣು ಹೋಗೋದು ಬೇಡ ಕಣೋ."

"ಅಷ್ಟೇ ತಾನೆ? ಡೊಂಕಾಗಿ ಕಟ್ಟೋದು ಏನು ಮಹಾ!" ಎಂದು ಅವನು ಎದೆ ತಟ್ಟಿಕೊಂಡ.

ಮಹಾ ಏನೆಂಬುದು ಆಮೇಲೆ ಗೊತ್ತಾಯಿತು. ಗೋಡೆಯನ್ನು ನೆಲಕ್ಕಿಳಿಸಿದ. ಬರಿದಾದ ನಿವೇಶನದ ಮಧ್ಯೆ ಆಡಿಟರಮ್ಮ ನಿಂತು ಫೋಟೊ ತೆಗೆಸಿಕೊಂಡರು. ಅದೇ ಇಟ್ಟಿಗೆಗಳನ್ನು ಅದೇ ಸಾಲಿನಲ್ಲಿ ಕಟ್ಟಿ, ತನಗೆ ನೆನಪಿದ್ದಷ್ಟು ಉಬ್ಬು, ತಗ್ಗು ತೋರಿಸಿ ಸಾರಣೆ ಮಾಡಿದ. ಅಕ್ಕನನ್ನು ಕರೆತಂದ. ಅವಳು ಕೈ ಇಟ್ಟು ನಾಲ್ಕು ಹೆಜ್ಜೆ ನಡೆದವಳು ನಿಂತಳು.

"ಇದು ಅದಲ್ಲ. ಇದು ನೀನು, ಅದರ ಹಾಗೆ ನಟನೆ ಮಾಡ್ತಿದ್ದೀಯ."

ಅವನು ಕೆರೆದು ಮತ್ತೆ ಮಾಡಿದ. ಮತ್ತೆ ಅದಲ್ಲ. ಜೀವಮಾನವೆಲ್ಲ ನೇರಕ್ಕೆ ಪಳಗಿದ ಕೈ, ಡೊಂಕು ಮಾಡಲು ಹೋದರೂ ನೀಟಾಗಿಯೇ ಡೊಂಕು ಮಾಡುತ್ತಿತ್ತು. ಉಬ್ಬು ತಟ್ಟೆ ಬೋರಲು ಹಾಕಿದಂತೆ ಗುಂಡಗೆ ಬರುತ್ತಿತ್ತು. ಮೂರನೆಯ ಸಲ ಅವನು ಗಾರೆ ಹಚ್ಚುವ ಕರಣೆಯನ್ನು ನೆಲಕ್ಕೆ ಎಸೆದು, "ನನ್ನ ಕೈಲಾಗಲ್ಲ, ನಾನು ಕಲಿತಿದ್ದೇ ತಪ್ಪಾಯ್ತು" ಎಂದು ಕೂಗಾಡಿದ. ಛಾವಣಿಯ ಕೆಲಸಕ್ಕೆ ಗೋಡೆ ಮುಗಿಯಬೇಕಿತ್ತು. ಅಧಿಕಾರಿ ಬರುವ ದಿನವೂ ಗೊತ್ತಾಗಿತ್ತು.

ಅಕ್ಕ ಹಸಿ ಗೋಡೆಯ ಮುಂದೆ ನಿಂತೇ ಇದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಯನ್ನು ಗಾರೆಯ ಮೇಲಿಟ್ಟಳು. ಒತ್ತಿದಳು. ಒಂದು ಕಡೆ ಸರಿಸಿದಳು, ಒಂದು ಕಡೆ ತೆಗೆದಳು. "ಇಲ್ಲಿಗೆ ಸ್ವಲ್ಪ ಹಾಕು" ಎಂದಳು, ಒಂದು ಕಾಲದಲ್ಲಿ ಅವನು ಅವಳಿಗೆ ಹೇಳುತ್ತಿದ್ದ ಹಾಗೆಯೇ. ಅವನು ತಂದು ಹಾಕಿದ.

ಮರುದಿನ ಇಡೀ ಸಂಘವೇ ಬಂತು. ಗಾರೆ ಬೇಗ ಗಟ್ಟಿಯಾಗದಿರಲಿ ಎಂದು ರಸಮಟ್ಟ ಸುಣ್ಣ ಹೆಚ್ಚು, ಸಿಮೆಂಟು ಕಡಿಮೆ ಹಾಕಿ ಕಲಸಿದ. ಸುಣ್ಣ ಕೈ ತಿನ್ನುತ್ತದೆ. ಕೈಗವಸು ಹಾಕಿಕೊಂಡರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಒಬ್ಬೊಬ್ಬರ ಕೈಗೂ ಅವನೇ ಎಣ್ಣೆ ಸವರಿ ಗೋಡೆಯ ಮುಂದೆ ನಿಲ್ಲಿಸಿದ. ಅವರವರು ದಿನಾ ಎಲ್ಲಿ ತಿರುಗುತ್ತಿದ್ದರೋ, ಎಲ್ಲಿ ನಿಲ್ಲುತ್ತಿದ್ದರೋ ಅಲ್ಲಿ ಅವರವರ ಕೈ. ಗೋಡೆಯುದ್ದಕ್ಕೂ ಗಲಾಟೆಯೋ ಗಲಾಟೆ. "ರೀ, ಇನ್ನೂ ಸ್ವಲ್ಪ ಒರಟು ಇತ್ತು!" "ಇಲ್ಲೊಂದು ಕಲ್ಲು ಚುಚ್ಚುತ್ತಿತ್ತು ಕಣ್ರೀ, ಅದೆಲ್ಲಿ?" "ಅಯ್ಯೋ ಅದನ್ನೂ ಹಾಕಬೇಕಾ?" "ಮತ್ತೆ? ಅದು ಚುಚ್ಚದಿದ್ರೆ ನಾನು ಗೊತ್ತಿಲ್ಲದೆ ಹೆಂಗಸರ ಬಚ್ಚಲಿಗೆ ಹೋಗಿಬಿಡ್ತೀನಿ!"

ರಸಮಟ್ಟನಿಗೆ ಒಂದು ಅನುಮಾನ ಕೊರೆಯುತ್ತಲೇ ಇತ್ತು. ಇವರೆಲ್ಲ ಉತ್ಸಾಹದಲ್ಲಿ ಏನೋ ಒಂದು ಮಾಡುತ್ತಿದ್ದಾರೆ, ಅಳತೆ ಇಲ್ಲದ ಕೆಲಸ ಎಲ್ಲಾದರೂ ಸರಿಹೋಗುತ್ತದೆಯೇ? ಮೆಟ್ಟಿಲ ಬಳಿಯ ತಗ್ಗನ್ನು ಕಂಡಕ್ಟರಣ್ಣ ಮಾಡಿ ಮುಗಿಸಿ ಹೋದಾಗ ಅವನು ಟೇಪು ಹಿಡಿದು, ನೆಲದಿಂದ ಎಷ್ಟು ಎತ್ತರ, ಎಷ್ಟು ಅಗಲ, ಎಷ್ಟು ಆಳ ಎಂದು ನೋಡಿಕೊಂಡ. ಆಮೇಲೆ ಕರಣೆ ಎಳೆದು ಅದನ್ನು ಪೂರ್ತಿ ಅಳಿಸಿ ನುಣ್ಣಗೆ ಮಾಡಿಬಿಟ್ಟ. ಯಾರಿಗೂ ಹೇಳಲಿಲ್ಲ. ಅಕ್ಕನನ್ನು ಕರೆದು, "ಇಲ್ಲಿ ತಗ್ಗು ಇನ್ನೂ ಆಗಿಲ್ಲ, ನೀನು ಮಾಡು" ಎಂದ.

ಅವಳು ಅಂಗೈ ಇಟ್ಟಳು, ಅರೆಕ್ಷಣ ಹುಡುಕಿದಳು, ಒತ್ತಿ ತಿರುವಿದಳು. ಅವನು ಮತ್ತೆ ಟೇಪು ಹಿಡಿದ. ಅದೇ ಎತ್ತರ. ಅದೇ ಅಗಲ. ಆಳವೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡವನು ಆ ಗೋಡೆ ಮುಗಿಯುವವರೆಗೆ ಮತ್ತೆ ಹೊರಗೆ ತೆಗೆಯಲಿಲ್ಲ. ಸಂಜೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಎಲ್ಲರ ಕೈಯನ್ನೂ ತಾನೇ ತೊಳೆದ. ಬೇರೆ ಯಾರಿಗೂ ಆ ಕೆಲಸ ಬಿಡಲಿಲ್ಲ.

ಹಳೆಯ ಗೋಡೆ ಬೆತ್ತದ ಕೋಣೆಯ ಹತ್ತಿರ ಕೊಕ್ಕೆಯ ಮೊಂಡಿಗೆ ಮುಗಿಯುತ್ತಿತ್ತು; ಆ ಮೊಂಡನ್ನೂ ಇದ್ದ ಜಾಗದಲ್ಲೇ ಮತ್ತೆ ಹುಗಿದದ್ದಾಯಿತು. ಅಲ್ಲಿಂದ ಮುಂದೆ, ಹೊಸ ಹಾಲ್‌ನ ಬಾಗಿಲವರೆಗಿನ ಭಾಗವನ್ನು ರಸಮಟ್ಟ ತನ್ನ ರೀತಿಯಲ್ಲಿ ಕಟ್ಟಿದ: ಗುಳ್ಳೆ ಎಲ್ಲಿ ಇಟ್ಟರೂ ಮಧ್ಯದಲ್ಲೇ ನಿಲ್ಲುವಂತೆ.

ಛಾವಣಿ ಹಾಕಿದ್ದಾಯಿತು, ಬಣ್ಣವಾಯಿತು. ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಆದರೆ ಕಣ್ಣು ಚುರುಕು. ಎಲ್ಲ ಕೋಣೆ ನೋಡಿಕೊಂಡು ಬಂದವರು ಉದ್ದ ಗೋಡೆಯ ಮುಂದೆ ನಿಂತರು. ಅದೇ ಹೊತ್ತಿಗೆ ಕಂಡಕ್ಟರಣ್ಣನ ಮನೆಯಲ್ಲಿ ಇಟ್ಟಿದ್ದ ಹಳೆಯ ಬೆಂಚನ್ನು ನಾಲ್ಕು ಜನ ಹೊತ್ತು ತಂದರು. ಗೋಡೆ ಮಾಡುವಾಗಲೇ ಆ ಬೆಂಚು ತಂದು ಅಳತೆ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದಿತ್ತು. ಒಬ್ಬರಿಗೂ ಹೊಳೆಯಲಿಲ್ಲ. ಬೆಂಚನ್ನು ಉಬ್ಬಿನ ಹತ್ತಿರ ಇಳಿಸಿ ಹಿಂದಕ್ಕೆ ತಳ್ಳಿದರು. ಅದು ಗೋಡೆಗೆ ಹೋಗಿ ಕಚ್ಚಿಕೊಂಡಿತು. ಬೆನ್ನಿನ ಕೆತ್ತನೆ, ಗೋಡೆಯ ಉಬ್ಬು, ಎರಡರ ನಡುವೆ ಕಾಗದ ತೂರಿಸಲೂ ಜಾಗವಿಲ್ಲ.

ರಸಮಟ್ಟ ಬಾಯಿ ತೆರೆದುಕೊಂಡು ನಿಂತ. ಅಧಿಕಾರಿಯ ಮುಖ ಮಾತ್ರ ಗಂಭೀರವಾಯಿತು.

"ಈ ಬೆಂಚು ಹಳೇದು ಅಲ್ವಾ?"

"ಹೌದು ಸಾರ್" ಎಂದರು ಆಡಿಟರಮ್ಮ.

"ಹಳೇ ಬೆಂಚು ಇಷ್ಟು ಸರಿಯಾಗಿ ಕೂತಿದೆ ಅಂದ್ರೆ ಗೋಡೇನೂ ಹಳೇದೇ. ಬೇರೆ ಗೋಡೆ ಎಲ್ಲ ಕನ್ನಡಿ ಹಾಗಿದೆ, ಇದೊಂದು ಹೀಗಿದೆ. ಇದನ್ನ ಹಾಗೇ ಉಳಿಸಿಕೊಂಡು ಮೇಲೆ ಬಣ್ಣ ಹೊಡೆದಿದ್ದೀರಿ."

ಇಷ್ಟು ಕಷ್ಟಪಟ್ಟದ್ದೇ ಮುಳುವಾಗುವ ಹಾಗಾಯಿತಲ್ಲ! ಆಡಿಟರಮ್ಮ ಅವಸರದಲ್ಲಿ ಚೀಲದಿಂದ ಆ ಫೋಟೊ ಹೊರತೆಗೆದು ಕೊಟ್ಟರು: ಬರಿ ನೆಲ, ಮಧ್ಯದಲ್ಲಿ ಅವರೇ ನಿಂತಿದ್ದಾರೆ, ಹಿಂದೆ ಬೀದಿಯ ಆಚೆಯ ಮನೆಗಳೆಲ್ಲ ಕಾಣುತ್ತಿವೆ. ಅಧಿಕಾರಿ ಫೋಟೊ ನೋಡಿದರು, ಗೋಡೆ ನೋಡಿದರು, ಮತ್ತೆ ಫೋಟೊ ನೋಡಿದರು.

"ಹಾಗಾದ್ರೆ ಅಳತೆ ಎಲ್ಲಿ ಇಟ್ಟುಕೊಂಡಿದ್ರಿ?"

"ಇಲ್ಲಿ" ಎಂದು ಕಂಡಕ್ಟರಣ್ಣ ಅಂಗೈ ತೋರಿಸಿದರು.

ಅಧಿಕಾರಿ ಗೋಡೆಯ ಹತ್ತಿರ ಹೋಗಿ ಕೈ ಇಟ್ಟರು. ಬಣ್ಣದ ಕೆಳಗೆ ಕರಣೆಯ ಗುರುತೇ ಇರಲಿಲ್ಲ. ಎಲ್ಲೆಲ್ಲೂ ಬೆರಳು, ಅಂಗೈ. ಕೈ ಹಾಗೇ ಇಟ್ಟುಕೊಂಡು ಸ್ವಲ್ಪ ದೂರ ನಡೆದರು, ತಗ್ಗು ಸಿಕ್ಕಿದ ಕಡೆ ಅಂಗೈಯನ್ನು ಅದರೊಳಗೆ ಕೂರಿಸಿ ನಿಂತರು. ಆಮೇಲೆ "ಹೊಸ ಕಟ್ಟಡ" ಎಂದು ಹೇಳಿ ಸಹಿ ಹಾಕಿದರು.

ಗದ್ದಲ ಮುಗಿಯುವ ಮೊದಲೇ ಅಕ್ಕ ಬೀದಿ ಬಾಗಿಲಿಗೆ ಹೋಗಿ ನಿಂತಿದ್ದಳು. ರಸಮಟ್ಟ ನೋಡಿದ. ಅವನ ಕೈ ತನಗೆ ತಾನೇ ಅಂಗಿಯ ತುದಿಗೆ ಹೋಯಿತು. ಅವಳು ಅದನ್ನು ಹುಡುಕಲಿಲ್ಲ. ಗೋಡೆಗೆ ಕೈ ಇಟ್ಟು ಹೊರಟಳು. ಉಬ್ಬು. ಬೆಂಚು ಸವರಿ ಮುಂದೆ ಹೋದಳು. ಒರಟು ಜಾಗ, ತಗ್ಗು, ಹುಷಾರಾಗಿ ಮೆಟ್ಟಿಲು. ಎಲ್ಲೂ ತಡೆಯಲಿಲ್ಲ. ಕೊಕ್ಕೆಯ ಮೊಂಡು ಸಿಕ್ಕಿತು. ಅಲ್ಲಿಗೆ ಅವಳಿಗೆ ಗೊತ್ತಿದ್ದ ಲೋಕ ಮುಗಿದಿತ್ತು. ಅವಳ ಬೆರಳು ಇನ್ನೂ ಸ್ವಲ್ಪ ಮುಂದೆ ಸರಿದು, ನುಣ್ಣನೆಯ ಸಾರಣೆ ಮುಟ್ಟಿ, ನಿಂತವು.

"ಇಲ್ಲಿಂದ ಮುಂದೆ ನೀನು, ಅಲ್ವಾ?" ಎಂದಳು ಅಕ್ಕ.

"ಹೌದಕ್ಕ. ಬಾಗಿಲವರೆಗೂ."

"ಹಾಗಾದ್ರೆ ಮುಟ್ಟಿ ನೋಡೋದೇನಿದೆ?" ಎಂದು ನಕ್ಕು, ಅವಳು ಗೋಡೆಯಿಂದ ಕೈ ತೆಗೆದಳು. ಎರಡೂ ಕೈ ಇಳಿಬಿಟ್ಟುಕೊಂಡು, ಕಣ್ಣಿದ್ದವಳ ಹಾಗೆ, ನೆಟ್ಟಗೆ ಬಾಗಿಲವರೆಗೆ ನಡೆದು ಹೋದಳು.